ಗುರುವಿಗೊಂದು ಮಳೆಗಾಲ

ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಐದು ಮಂದಿ ಗೃಹಸ್ಥರ ಕಥೆ ಬರುತ್ತದೆ. ಪ್ರಾಚೀನಶಾಲ, ಸತ್ಯಯಜ್ಞ, ಇಂದ್ರದ್ಯುಮ್ನ, ಜನ, ಬುಡಿಲ. ಐವರೂ ದೊಡ್ಡ ಮನೆಯವರು, ಐವರೂ ದೊಡ್ಡ ವಿದ್ವಾಂಸರು. ಆತ್ಮವೆಂದರೆ ಯಾವುದು, ಬ್ರಹ್ಮವೆಂದರೆ ಯಾವುದು ಎಂದು ತಮ್ಮತಮ್ಮಲ್ಲೇ ವಿಚಾರ ಮಾಡುತ್ತಾರೆ. ಬಗೆಹರಿಯುವುದಿಲ್ಲ. ಉದ್ದಾಲಕ ಆರುಣಿಗೆ ಈ ವಿಷಯ ಗೊತ್ತಿದೆಯಂತೆ ಎಂದು ಅವನ ಮನೆಗೆ ಹೋಗುತ್ತಾರೆ. ಉದ್ದಾಲಕ ಹೆಸರಾಂತ ಗುರು. ಬಂದವರನ್ನು ನೋಡಿ ಅವನಿಗೆ ಅಳುಕು ಹುಟ್ಟುತ್ತದೆ: ಇವರು ಕೇಳುವುದಕ್ಕೆಲ್ಲ ಉತ್ತರ ಹೇಳುವಷ್ಟು ನನಗೆ ತಿಳಿದಿಲ್ಲವಲ್ಲ! ಅವನು ಅದನ್ನು ಮುಚ್ಚಿಡುವುದಿಲ್ಲ. ಕೇಕಯದ ಅರಸ ಅಶ್ವಪತಿ ಈ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದಾನೆ, ಅಲ್ಲಿಗೇ ಹೋಗೋಣ ಎಂದು ಅವರ ಜೊತೆ ತಾನೂ ಹೊರಡುತ್ತಾನೆ.

ಅಶ್ವಪತಿ ಬಂದವರಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಸತ್ಕರಿಸುತ್ತಾನೆ. ತಾನೊಂದು ಯಜ್ಞ ಮಾಡಲಿದ್ದೇನೆ, ಋತ್ವಿಜರಿಗೆ ಕೊಡುವಷ್ಟೇ ಹಣವನ್ನು ನಿಮಗೂ ಕೊಡುತ್ತೇನೆ, ಉಳಿದುಕೊಳ್ಳಿ ಎನ್ನುತ್ತಾನೆ. ಅವರು ಒಪ್ಪುವುದಿಲ್ಲ. ಮನುಷ್ಯ ಯಾವ ಕೆಲಸಕ್ಕೆ ಬಂದನೋ ಅದನ್ನು ಹೇಳಬೇಕು, ನಾವು ಬಂದದ್ದು ತಿಳಿಯುವುದಕ್ಕೆ ಎನ್ನುತ್ತಾರೆ. ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದು ಅರಸ ಉತ್ತರಿಸುತ್ತಾನೆ. ಮರುದಿನ ಬೆಳಿಗ್ಗೆ ಆ ವಿದ್ವಾಂಸರು, ಮೊದಲ ದಿನ ಗುರುಕುಲಕ್ಕೆ ಬಂದ ಹುಡುಗರ ಹಾಗೆ, ಕೈಯಲ್ಲಿ ಸಮಿತ್ತು ಹಿಡಿದು ಬಂದು ನಿಲ್ಲುತ್ತಾರೆ. ಅಶ್ವಪತಿ ಅವರಿಗೆ ಉಪನಯನವನ್ನೇನೂ ಮಾಡುವುದಿಲ್ಲ. ಉಪನ್ಯಾಸವನ್ನೂ ತಕ್ಷಣ ಶುರು ಮಾಡುವುದಿಲ್ಲ. ನೀನು ಏನನ್ನು ಆತ್ಮವೆಂದು ಉಪಾಸಿಸುತ್ತೀ ಎಂದು ಒಬ್ಬೊಬ್ಬನನ್ನೂ ಕೇಳುತ್ತಾನೆ. ಒಬ್ಬ ಆಕಾಶ ಎನ್ನುತ್ತಾನೆ, ಒಬ್ಬ ಸೂರ್ಯ, ಒಬ್ಬ ಗಾಳಿ, ಒಬ್ಬ ನೀರು. ಉದ್ದಾಲಕ ಭೂಮಿ ಎನ್ನುತ್ತಾನೆ. ಯಾರದೂ ಸುಳ್ಳಲ್ಲ, ಆದರೆ ಯಾರದೂ ಪೂರ್ತಿಯಲ್ಲ ಎಂದು ತೋರಿಸಿದ ಮೇಲೆಯೇ ಅರಸ ತನ್ನ ಮಾತು ಹೇಳುತ್ತಾನೆ.

ಕಲಿಸುವವರು ಮತ್ತೆ ಕಲಿಯಲು ಹೊರಡುವಾಗ ಏಳುವ ಮುಖ್ಯ ಪ್ರಶ್ನೆಗಳೆಲ್ಲ ಈ ಪುಟ್ಟ ಕಥೆಯಲ್ಲಿವೆ. ತನಗೆ ತಿಳಿಯದು ಎಂದು ಒಪ್ಪಿಕೊಳ್ಳುವ ಧೈರ್ಯ ಗುರುವಿಗೆ ಎಲ್ಲಿಂದ ಬರಬೇಕು? ಅವನು ಮನೆ ಬಿಟ್ಟು ಹೋದ ದಿನಗಳ ಅನ್ನ ಯಾರದು? ಅನ್ನ ಕೊಟ್ಟವನಿಗೆ ಆ ಕಲಿಕೆಯ ಮೇಲೆ ಹಕ್ಕುಂಟೆ? ಈ ಪ್ರಶ್ನೆಗಳನ್ನು ನಾವು ಇಂದು ಇಲಾಖೆಯ ಸುತ್ತೋಲೆಗಳಿಗೆ ಬಿಟ್ಟುಕೊಟ್ಟಿದ್ದೇವೆ. ನಿಜಕ್ಕೂ ಅವು ಧರ್ಮದ ಪ್ರಶ್ನೆಗಳು.

ತುಮಕೂರಿನ ಬಟವಾಡಿ ಬಿ.ಎಚ್. ರಸ್ತೆಯ ಮೇಲಿನ ಗದ್ದಲದ ಜಾಗ. ಒಂದು ಕಡೆ ಎಪಿಎಂಸಿ ಯಾರ್ಡಿಗೆ ಹೋಗುವ ಲಾರಿಗಳು, ಇನ್ನೊಂದು ಕಡೆ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು. ಬೆಂಗಳೂರಿನ ದಿಕ್ಕಿಗೆ ಸ್ವಲ್ಪ ಹೋದರೆ ಕ್ಯಾತ್ಸಂದ್ರ, ಅದರ ಒಳಗೆ ಸಿದ್ಧಗಂಗೆ. ಊರೊಳಗಿನ ದಿಕ್ಕಿಗೆ ಬಂದರೆ 2004ರಲ್ಲಿ ಆರಂಭವಾದ ತುಮಕೂರು ವಿಶ್ವವಿದ್ಯಾಲಯದ ಹಳೆಯ ಆವರಣ. ಈ ಸುತ್ತಿನ ಬಡಾವಣೆಗಳಲ್ಲಿ ಮನೆ ಮಾಡಿಕೊಂಡು ಗುಬ್ಬಿ, ಕುಣಿಗಲ್, ತುರುವೇಕೆರೆಯ ಕಾಲೇಜುಗಳಿಗೆ ದಿನವೂ ಬಸ್ಸು ಹತ್ತುವ ಕನ್ನಡ, ಇತಿಹಾಸ, ಸಮಾಜಶಾಸ್ತ್ರದ ಅಧ್ಯಾಪಕರಿದ್ದಾರೆ. ಅವರಲ್ಲಿ ಇಬ್ಬರು ಸಿಕ್ಕರೆ ಮಾತು ಬೇಗ ಅಲ್ಲಿಗೇ ಬರುತ್ತದೆ: ರಿಫ್ರೆಶರ್ ಮುಗೀತಾ? ಓಓಡಿ ರಜೆ ಕೊಟ್ಟರಾ? ಆನ್‌ಲೈನಾ, ಹೋಗಬೇಕಾ? ಈ ಸಲ ಯಾವ ಪುಸ್ತಕ ಓದಿದಿರಿ ಎಂಬ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ತಪ್ಪು ಅವರದಲ್ಲ. ವ್ಯವಸ್ಥೆ ಅವರನ್ನು ಕೇಳುವುದೇ ಮೊದಲಿನ ಪ್ರಶ್ನೆಗಳನ್ನು.

ಈ ವ್ಯವಸ್ಥೆ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಶಾಲಾ ಶಿಕ್ಷಕರಿಗಾಗಿ ಜಿಲ್ಲೆಗಳಲ್ಲಿ ಡಯಟ್ ಎಂಬ ತರಬೇತಿ ಸಂಸ್ಥೆಗಳು ಬಂದವು. ಕಾಲೇಜು ಅಧ್ಯಾಪಕರಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಹೊಸದಾಗಿ ಸೇರಿದವರಿಗೆ ನಾಲ್ಕು ವಾರದ ಓರಿಯಂಟೇಷನ್, ಅನುಭವಿಗಳಿಗೆ ಮೂರು ವಾರದ ರಿಫ್ರೆಶರ್. ಪ್ರಯಾಣದ ಖರ್ಚು, ವಸತಿ, ಊಟ, ಸಂಬಳಸಹಿತ ರಜೆ ಎಲ್ಲ ಸಾರ್ವಜನಿಕ ಹಣದಿಂದ. ಹುಲಿಯೂರುದುರ್ಗದಲ್ಲೋ ಪಾವಗಡದಲ್ಲೋ ಒಂಟಿಯಾಗಿ ಪಾಠ ಮಾಡುತ್ತಿದ್ದ ಅಧ್ಯಾಪಕನೊಬ್ಬ ಮೂರು ವಾರ ಮೈಸೂರಿನ ಹಾಸ್ಟೆಲಿನಲ್ಲಿ ತನ್ನದೇ ವಿಷಯದ ಮೂವತ್ತು ನಲವತ್ತು ಜನರ ಜೊತೆ ಇರುವುದು ಆ ಕಾಲಕ್ಕೆ ದೊಡ್ಡ ಸಂಗತಿಯೇ. ಅದಕ್ಕೂ ಹಿಂದೆ ಇನ್ನೊಂದು ಯೋಜನೆ ಇತ್ತು. ಕಾಲೇಜು ಅಧ್ಯಾಪಕರು ಸಂಬಳ ಪಡೆಯುತ್ತಲೇ ಎರಡು ಮೂರು ವರ್ಷ ಪಿಎಚ್.ಡಿ. ಮಾಡಲು ಬಿಡುವು ಪಡೆಯುತ್ತಿದ್ದರು, ಅವರ ಜಾಗದಲ್ಲಿ ಪಾಠ ಮಾಡುವ ಬದಲಿ ಅಧ್ಯಾಪಕರ ಸಂಬಳವನ್ನು ಆಯೋಗವೇ ಭರಿಸುತ್ತಿತ್ತು. ಎಫ್‌ಐಪಿ ಎಂಬ ಆ ಹೆಸರನ್ನು ನಿವೃತ್ತ ಅಧ್ಯಾಪಕರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

ಆಮೇಲೆ ಅವಧಿ ಕುಗ್ಗಿತು, ಹೆಸರು ಬದಲಾಯಿತು. 2015ರಲ್ಲಿ ಸ್ಟಾಫ್ ಕಾಲೇಜುಗಳು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಲ್ಲಿ ಮದನ ಮೋಹನ ಮಾಳವೀಯರ ಹೆಸರಿನ ತರಬೇತಿ ಕೇಂದ್ರಗಳಾದವು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಆದ ಕೋರ್ಸುಗಳಲ್ಲಿ ಎಷ್ಟೋ ಇನ್ನೂ ಪರದೆಯ ಮೇಲೆಯೇ ಉಳಿದಿವೆ. ಶಾಲಾ ಶಿಕ್ಷಕರ ಕಡೆ 2019ರಲ್ಲಿ ನಿಷ್ಠಾ ಎಂಬ ತರಬೇತಿ ಬಂತು, ಮರುವರ್ಷ ಅದೂ ದೀಕ್ಷಾ ಪೋರ್ಟಲಿಗೆ ಏರಿತು. 2020ರ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಅಭಿವೃದ್ಧಿಯಲ್ಲಿ ತೊಡಗಬೇಕು ಎಂದಿತು. ಕರ್ನಾಟಕದಲ್ಲಿ 2017ರ ಹೊತ್ತಿಗೆ ಬಂದ ಗುರುಚೇತನ ಕಾರ್ಯಕ್ರಮವನ್ನು ಇಲ್ಲಿ ಬೇರೆಯಾಗಿ ಹೆಸರಿಸಬೇಕು. ಶಿಕ್ಷಕರು ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳಬಹುದು ಎಂಬ ತತ್ತ್ವದ ಮೇಲೆ ಅದನ್ನು ಕಟ್ಟಲಾಗಿತ್ತು. ಆಯ್ಕೆ ಎಂಬ ಈ ಒಂದು ಅಂಶ ಉಳಿದ ಎಷ್ಟೋ ಸುಧಾರಣೆಗಳಿಗಿಂತ ದೊಡ್ಡದು.

ಇಲ್ಲಿ ಯಾರೂ ದುಷ್ಟರಲ್ಲ. ಬಡ್ತಿಗೆ ರಿಫ್ರೆಶರ್ ಕಡ್ಡಾಯ ಎಂದು ಯುಜಿಸಿ ಹೇಳಿದ್ದರಿಂದಲೇ ಎಷ್ಟೋ ಪ್ರಾಂಶುಪಾಲರು ರಜೆ ಮಂಜೂರು ಮಾಡಿದರು. ಕಡ್ಡಾಯವಿಲ್ಲದಿದ್ದರೆ ಪಾಠ ನಿಲ್ಲುತ್ತದೆ, ಚುನಾವಣೆ ಕೆಲಸ ಇದೆ, ನ್ಯಾಕ್ ಪರಿಶೀಲನೆ ಬರುತ್ತಿದೆ ಎಂಬ ನೆಪಗಳೇ ಗೆಲ್ಲುತ್ತಿದ್ದವು. ಆದರೆ ಕಡ್ಡಾಯದ ಜೊತೆಗೆ ಇನ್ನೊಂದು ಒಳಗೆ ಬಂತು. ಫಲಕ್ಕಾಗಿ ಮಾಡಿದ ಕಲಿಕೆ ಫಲ ಸಿಕ್ಕಿದೊಡನೆ ನಿಲ್ಲುತ್ತದೆ. ಪ್ರಮಾಣಪತ್ರ ಫೈಲಿಗೆ ಸೇರಿದ ದಿನ ಕೋರ್ಸು ಮುಗಿಯುತ್ತದೆ, ಅಲ್ಲಿ ಎದ್ದ ಪ್ರಶ್ನೆ ತರಗತಿಗೆ ಬಂದಿತೇ ಎಂದು ಕೇಳುವವರಿಲ್ಲ.

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಈ ವಿಷಯದಲ್ಲಿ ಬಹಳ ಸ್ಪಷ್ಟ. ಗೃಹಸ್ಥನ ಕರ್ತವ್ಯಗಳನ್ನು ಒಂದೊಂದಾಗಿ ಹೇಳುತ್ತ, ಪ್ರತಿಯೊಂದರ ಜೊತೆಗೂ ಸ್ವಾಧ್ಯಾಯ ಮತ್ತು ಪ್ರವಚನಗಳನ್ನು ಮತ್ತೆ ಮತ್ತೆ ಸೇರಿಸುತ್ತ ಹೋಗುತ್ತದೆ. ತಾನು ಓದುವುದೂ ಇನ್ನೊಬ್ಬರಿಗೆ ಓದಿಸುವುದೂ ಅಲ್ಲಿ ಎಂದೂ ಬೇರೆಯಾಗುವುದಿಲ್ಲ. ಕೊನೆಗೆ ಮೂವರು ಋಷಿಗಳ ಅಭಿಪ್ರಾಯ ಬರುತ್ತದೆ. ರಾಥೀತರನಿಗೆ ಸತ್ಯವೇ ಎಲ್ಲಕ್ಕಿಂತ ದೊಡ್ಡದು, ಪೌರುಶಿಷ್ಟಿಗೆ ತಪಸ್ಸು ದೊಡ್ಡದು. ಮುದ್ಗಲ ವಂಶದ ನಾಕನಿಗೆ ಮಾತ್ರ ಓದುವುದು, ಓದಿಸುವುದು ಇವೆರಡೇ ತಪಸ್ಸು. ನಾಕನ ಮಾತಿನ ಪ್ರಕಾರ ಓದುವುದನ್ನು ನಿಲ್ಲಿಸಿದ ಅಧ್ಯಾಪಕನಿಗೆ ಓದಿಸುವ ಶಕ್ತಿಯೂ ಕುಂದುತ್ತದೆ. ಹಾಗಾದರೆ ಕಲಿಯುವುದು ಅಧ್ಯಾಪಕನ ಸ್ವಂತ ಧರ್ಮ, ಅದಕ್ಕೆ ಸರ್ಕಾರ ಯಾಕೆ ಹಣ ಕೊಡಬೇಕು ಎಂದು ಯಾರಾದರೂ ಕೇಳಬಹುದು. ಕೇಳುವವರು ಇದ್ದಾರೆ. ಕೈತುಂಬ ಸಂಬಳವಿದೆಯಲ್ಲ, ಪುಸ್ತಕ ಕೊಂಡು ಓದಲಿ ಎನ್ನುವ ಮಾತು ಊರಲ್ಲಿ ಆಗಾಗ ಕೇಳಿಬರುತ್ತದೆ.

ಇದಕ್ಕೆ ಉತ್ತರ ಬೌದ್ಧ ಸಂಘದ ವರ್ಷಾವಾಸದಲ್ಲಿ ಸಿಗುತ್ತದೆ. ವರ್ಷವಿಡೀ ಸಂಚರಿಸುವ ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಲ್ಲಬೇಕೆಂಬುದು ಬುದ್ಧನ ಕಾಲದಿಂದ ಬಂದ ನಿಯಮ. ಜೈನ ಮುನಿಗಳ ಮತ್ತು ವೈದಿಕ ಸಂನ್ಯಾಸಿಗಳ ಚಾತುರ್ಮಾಸ್ಯವೂ ಇದೇ ಬಗೆಯದು. ಆ ದಿನಗಳಲ್ಲಿ ಅವರ ಅನ್ನದ ಹೊಣೆ ಊರಿನ ಗೃಹಸ್ಥರದು. ಓದು, ಧ್ಯಾನ, ಚರ್ಚೆ ಭಿಕ್ಷುವಿನ ಹೊಣೆ. ಅವನ ಪರವಾಗಿ ಊರು ಓದುವುದಿಲ್ಲ, ಅವನು ಏನು ಓದಬೇಕೆಂದೂ ಹೇಳುವುದಿಲ್ಲ. ಅವನು ನಿಲ್ಲಲು ಸಾಧ್ಯವಾಗುವಂತೆ ಮಾಡುತ್ತದೆ, ಅಷ್ಟೆ. ನಿಲ್ಲದೆ ಓದಾಗದು, ಅನ್ನವಿಲ್ಲದೆ ನಿಲ್ಲಲಾಗದು. ಸಂಬಳವಿರುವ ಅಧ್ಯಾಪಕನಿಗೂ ವಾರಕ್ಕೆ ಹದಿನಾರು ಗಂಟೆ ಪಾಠ, ಮೌಲ್ಯಮಾಪನ, ದಾಖಲಾತಿ, ವಿದ್ಯಾರ್ಥಿವೇತನದ ಅರ್ಜಿ, ಸಮಿತಿ ಸಭೆಗಳ ನಡುವೆ ನಿಲ್ಲುವ ಜಾಗ ಸಿಗುವುದಿಲ್ಲ. ಹಣ ಕೊಳ್ಳಬೇಕಾದದ್ದು ಆ ಬಿಡುವನ್ನು.

ವರ್ಷಾವಾಸದ ಕೊನೆಯ ದಿನ ನಡೆಯುವ ಆಚರಣೆ ಇನ್ನೂ ಬೆಲೆಯುಳ್ಳದ್ದು. ಅದಕ್ಕೆ ಪವಾರಣ ಎನ್ನುತ್ತಾರೆ. ಅಂದು ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕೈಮುಗಿದು ಕುಳಿತು, ತನ್ನಲ್ಲಿ ಕಂಡ, ಕೇಳಿದ ಅಥವಾ ಶಂಕಿಸಿದ ದೋಷವಿದ್ದರೆ ದಯವಿಟ್ಟು ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಮೊದಲು ಬೇಡಿಕೊಳ್ಳುವವನು ಸಂಘದ ಹಿರಿಯ. ನಿನ್ನೆ ಮೊನ್ನೆ ಸೇರಿದ ಕಿರಿಯನೂ ಅವನ ತಪ್ಪು ಹೇಳಬಹುದು. ನಮ್ಮ ರಿಫ್ರೆಶರ್ ಕೋರ್ಸುಗಳ ಕೊನೆಯ ದಿನ ಸಮಾರೋಪ ಇರುತ್ತದೆ, ಸಂಪನ್ಮೂಲ ವ್ಯಕ್ತಿಗಳ ಗುಣಗಾನವಿರುತ್ತದೆ, ಗುಂಪು ಫೋಟೊ ಇರುತ್ತದೆ. ಇಪ್ಪತ್ತು ವರ್ಷ ಅನುಭವದ ಅಧ್ಯಾಪಕ ತನ್ನ ಒಂದು ಪಾಠವನ್ನು ಸಮಾನರ ಮುಂದೆ ಮಾಡಿ, ಎಲ್ಲಿ ತಪ್ಪಿದೆ ಹೇಳಿ ಎಂದು ಕೇಳುವ ಒಂದು ಗಂಟೆಗೂ ಅಲ್ಲಿ ಜಾಗವಿರಬೇಕಿತ್ತು.

ಹೀಗೆ ಕೇಳಿಸಿಕೊಳ್ಳುವ ಸಂಪ್ರದಾಯ ದೂರದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟರೆ ಸಿಗುವ ಗೂಳೂರು ಇಂದು ದೊಡ್ಡ ಗಣೇಶನಿಗೆ ಪ್ರಸಿದ್ಧ. ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆ ಗ್ರಂಥದ ನಾಲ್ಕನೆಯ ಪಾಠವನ್ನು ಸಿದ್ಧಪಡಿಸಿದ ಸಿದ್ಧವೀರಣಾರ್ಯನ ಹೆಸರಿಗೆ ಅಂಟಿಕೊಂಡಿರುವುದು ಇದೇ ಊರು. ಅವನ ಪರಂಪರೆ ಕುಣಿಗಲ್ ಸೀಮೆಯ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳದು. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಸುಮಾರು 700 ವಚನ ಬರೆದು, ಸುತ್ತ ಶಿಷ್ಯರ ದೊಡ್ಡ ಸಮೂಹವನ್ನೇ ಬೆಳೆಸಿದವರು ಅವರು. ಕಲ್ಯಾಣದ ಕ್ರಾಂತಿ ಚೆದುರಿಹೋದ ಎಷ್ಟೋ ಕಾಲದ ಮೇಲೆ ವಚನಗಳನ್ನು ಹುಡುಕಿ, ಕೂಡಿಸಿ, ಒಂದಕ್ಕೊಂದು ಉತ್ತರವಾಗುವಂತೆ ಜೋಡಿಸಿದ ಆ ಕೆಲಸ ಈ ನೆಲದ ಬಹುದೊಡ್ಡ ಬೌದ್ಧಿಕ ಸಾಹಸಗಳಲ್ಲಿ ಒಂದು.

ಶೂನ್ಯಸಂಪಾದನೆಯ ಪಾತ್ರಗಳಲ್ಲಿ ಹೆಚ್ಚಿನವರು ಆಗಲೇ ಗುರುಗಳು. ಹೊಸಬರಿಗೆ ಪಾಠ ಹೇಳುವುದು ಆ ಗ್ರಂಥದ ವಿಷಯವೇ ಅಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ, ಸಾವಿರಾರು ಜನರಿಗೆ ಅವನು ದೇವರಂತೆ. ಅಲ್ಲಿಗೆ ಬಂದ ಅಲ್ಲಮ, ಆ ಒಡ್ಡರಾಮ ಎಲ್ಲಿದ್ದಾನೆ ಎಂದು ಕೇಳುತ್ತಾನೆ. ಕೆಲಸದವರು ಸಿಟ್ಟಾಗಿ ಕಲ್ಲೆಸೆಯುತ್ತಾರೆ. ಸಿದ್ಧರಾಮನಿಗೂ ಸಿಟ್ಟು ಬರುತ್ತದೆ. ಆದರೆ ಅವನು ಅಲ್ಲಿಂದ ಎದ್ದು ಹೋಗುವುದಿಲ್ಲ. ತಾನು ಕಟ್ಟಿದ ಕೆರೆ, ಗುಡಿಗಳ ಪುಣ್ಯದಾಚೆ ಇನ್ನೇನೋ ಇರಬಹುದು ಎಂಬ ಪ್ರಶ್ನೆಗೆ ಒಡ್ಡಿಕೊಳ್ಳುತ್ತಾನೆ. ಕೊನೆಗೆ ಕಲ್ಯಾಣಕ್ಕೆ ಹೋಗಿ ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಮುಕ್ತಾಯಕ್ಕ ಅಲ್ಲಮನನ್ನೇ ಬಿಡುವುದಿಲ್ಲ: ಅರಿತವನಾದರೆ ಇನ್ನೂ ಮಾತೇಕೆ ಎಂಬ ಅರ್ಥದಲ್ಲಿ ತಿರುಗಿ ಕೇಳುತ್ತಾಳೆ. ಎಲ್ಲರೂ ಎಲ್ಲರಿಗೂ ಪ್ರಶ್ನೆ ಹಾಕಬಹುದಾದ ಸಭೆಯೊಂದರ ಚಿತ್ರ ಅದು. ಅಲ್ಲಿ ಹಿರಿತನ, ಹೆಸರು, ಹಿಂದೆ ಮಾಡಿದ ಕೆಲಸ ಯಾವುದೂ ಪ್ರಶ್ನೆಯಿಂದ ರಕ್ಷಣೆ ಕೊಡುವುದಿಲ್ಲ.

ಈ ಗ್ರಂಥಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಂದು ಬದುಕು ಸಿಕ್ಕಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಅದನ್ನು ಇಂಗ್ಲಿಷಿಗೆ ತರಿಸಿ 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಪ್ರಕಟಿಸಿತು. ಎಸ್.ಸಿ. ನಂದೀಮಠ, ಆರ್.ಸಿ. ಹಿರೇಮಠ, ಎಸ್.ಎಸ್. ಭೂಸನೂರಮಠ, ಎಂ.ಎಸ್. ಸುಂಕಾಪುರ ಅವರಂಥ ಕನ್ನಡ ವಿದ್ವಾಂಸರು ಸಂಪುಟದಿಂದ ಸಂಪುಟಕ್ಕೆ ಕೈಜೋಡಿಸಿದರು. ಅವರ ಜೊತೆಗಿದ್ದವರು ಅರ್ಮಾಂಡೊ ಮೆನೆಜಸ್. ಗೋವಾ ಮೂಲದ ಕ್ರೈಸ್ತ ಮನೆತನದವರು, ಇಂಗ್ಲಿಷ್ ಅಧ್ಯಾಪಕರು, ಇಂಗ್ಲಿಷಿನಲ್ಲೇ ಕವಿತೆ ಬರೆದವರು. ಲಿಂಗಾಯತ ಅನುಭಾವದ ಪಾರಿಭಾಷಿಕ ಪದಗಳನ್ನು ಕನ್ನಡದವರು ಅವರಿಗೆ ಬಿಡಿಸಿ ಹೇಳಬೇಕು, ಆ ಅರ್ಥ ಇಂಗ್ಲಿಷಿನಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ಅವರು ಕನ್ನಡದವರಿಗೆ ಹೇಳಬೇಕು. ಇಂಥ ಅನುವಾದದಲ್ಲಿ ವಿದ್ವಾಂಸ ತನಗೆ ಗೊತ್ತಿದೆ ಅಂದುಕೊಂಡ ಪದವನ್ನೇ ಹೊರಗಿನವನ ಕಣ್ಣಿನಿಂದ ಮತ್ತೆ ನೋಡಬೇಕಾಗುತ್ತದೆ. ವಿಶ್ವವಿದ್ಯಾಲಯ ಇದನ್ನು ತರಬೇತಿ ಎಂದು ಕರೆಯಲಿಲ್ಲ. ಆದರೂ ಮಾನವಿಕ ವಿಷಯಗಳ ಅಧ್ಯಾಪಕರಿಗೆ ಸಾರ್ವಜನಿಕ ಸಂಸ್ಥೆಯೊಂದು ಕೊಡಬಹುದಾದ ಅತ್ಯುತ್ತಮ ತರಬೇತಿ ಇಂಥದ್ದೇ ಎಂಬುದು ಈ ಲೇಖನದ ವಾದ: ಕೆಲವೇ ಜನ, ಕಷ್ಟದ ಒಂದೇ ಗ್ರಂಥ, ಬೇಕಾದಷ್ಟು ಕಾಲ, ಕೊನೆಗೆ ಕೈಯಲ್ಲಿ ಹಿಡಿಯಬಹುದಾದ ಒಂದು ಕೆಲಸ.

ಕೊಟ್ಟ ಹಣದಿಂದ ಕೊಟ್ಟವರು ಎಣಿಸದ ಬೆಳೆಯೂ ಬರುತ್ತದೆ. ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದಾಗ ಅವರು ಇಂಗ್ಲಿಷ್ ಅಧ್ಯಾಪಕರು. ಹೋದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಪಿಎಚ್.ಡಿ. ಮಾಡಲು, 1966ರಲ್ಲಿ ಅದನ್ನು ಮುಗಿಸಿದರು ಕೂಡ. ಆದರೆ ಕನ್ನಡಕ್ಕೆ ಆ ಬಿಡುವು ಕೊಟ್ಟದ್ದು ‘ಸಂಸ್ಕಾರ’. ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದ್ದು, ಆಮೇಲೆ ಮಾರ್ಗದರ್ಶಕ ಮಾಲ್ಕಂ ಬ್ರಾಡ್‌ಬರಿ ಜೊತೆ ಆಡಿದ ಮಾತು ಅದರ ಹಿಂದಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಆ ಕಾದಂಬರಿಯ ಪ್ರಾಣೇಶಾಚಾರ್ಯರೂ ಗುರುವೇ. ನಾರಣಪ್ಪನ ಶವಸಂಸ್ಕಾರದ ಪ್ರಶ್ನೆಗೆ ತಾಳೆಗರಿಗಳಲ್ಲಿ ಉತ್ತರ ಸಿಗದೆ, ಮಾರುತಿಯ ಗುಡಿಯಲ್ಲೂ ಸಿಗದೆ, ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ನಿಂತ ಗುರು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಇದನ್ನು ನಿರೀಕ್ಷಿತ ಫಲಿತಾಂಶವೆಂದು ಯಾರೂ ಬರೆಯಲಾಗುತ್ತಿರಲಿಲ್ಲ. ಇಂದಿನ ಅರ್ಜಿ ನಮೂನೆಗಳು ಅದನ್ನೇ ಮೊದಲು ಕೇಳುತ್ತವೆ.

ಕೊಡುವವರ ಹಕ್ಕಿನ ಪ್ರಶ್ನೆಯನ್ನು ನಮ್ಮ ಶಾಸನಗಳೂ ಎದುರಿಸಿವೆ. 945ರಲ್ಲಿ ರಾಷ್ಟ್ರಕೂಟರ ಮಂತ್ರಿ ನಾರಾಯಣ ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಶಾಲೆ ಕಟ್ಟಿಸಿದ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳನ್ನೂ ದೀಪಕ್ಕೆಂದು ಭೂಮಿಯನ್ನೂ ಬಿಟ್ಟ. 1058ರ ನಾಗಾವಿ ಶಾಸನದ ಘಟಿಕಾಸ್ಥಾನದಲ್ಲಿ ಪಾಠ ಹೇಳುವವರಿಗೆ ಮಾತ್ರವಲ್ಲ, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಭೂಮಿ ಸಿಕ್ಕಿತು. 1162ರ ಬಳ್ಳಿಗಾವಿಯ ಕೋಡಿಯಮಠದ ಶಾಸನ ಇನ್ನೂ ಸೊಗಸಾದದ್ದು. ಕಾಳಾಮುಖ ಶೈವರ ಆ ಮಠದಲ್ಲಿ ವ್ಯಾಕರಣ, ಕಾವ್ಯ, ನಾಟಕ, ಪುರಾಣಗಳ ಜೊತೆಗೆ ಬೌದ್ಧ ದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತು, ಅನಾಥರಿಗೆ, ಕುರುಡರಿಗೆ, ರೋಗಿಗಳಿಗೆ ಊಟ ಮತ್ತು ಔಷಧ ಇತ್ತು. ಶೈವ ಮಠಕ್ಕೆ ಬಂದ ಹಣದಲ್ಲಿ ಬೌದ್ಧರ ವಾದವನ್ನು ಓದುವುದು ಅಲ್ಲಿ ತಪ್ಪಾಗಿರಲಿಲ್ಲ, ಪಾಠದ ಭಾಗವಾಗಿತ್ತು. ಈ ವ್ಯವಸ್ಥೆಗಳ ಬಾಗಿಲು ಬಹುಪಾಲು ಜನರಿಗೆ, ಹೆಂಗಸರಿಗೆ, ದುಡಿಯುವ ಜಾತಿಗಳಿಗೆ ಮುಚ್ಚಿತ್ತು ಎಂಬುದನ್ನು ಮರೆಯುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೇಳಿದ್ದೇ ಅದನ್ನು. ಅವರ ಕಾಯಕ ಮತ್ತು ದಾಸೋಹದ ಕಲ್ಪನೆ ದಾನದ ಹಳೆಯ ಲೆಕ್ಕವನ್ನೇ ತಿರುಗಿಸಿತು. ದಾಸೋಹ ಮಾಡುವವನು ತಾನು ಕೊಟ್ಟೆ ಎಂದುಕೊಂಡರೆ ಅದು ದಾಸೋಹವೇ ಅಲ್ಲ.

ಸಿದ್ಧಗಂಗಾ ಮಠದಲ್ಲಿ ದಾಸೋಹ ಬರೀ ಮಾತಾಗಿ ಉಳಿಯಲಿಲ್ಲ. 1907ರಲ್ಲಿ ಹುಟ್ಟಿ 2019ರವರೆಗೆ ಬಾಳಿದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿ ಮತದ ಭೇದವಿಲ್ಲದೆ ಅಲ್ಲಿ ಉಂಡು ಓದುತ್ತಿದ್ದರು. ಇಷ್ಟೊಂದು ಮಕ್ಕಳ ಅನ್ನದ ಹೊಣೆ ಹೊತ್ತ ಜಿಲ್ಲೆ ಆ ಮಕ್ಕಳ ಗುರುಗಳ ಓದಿನ ಹೊಣೆಯನ್ನೂ ಅದೇ ಭಾವದಲ್ಲಿ ಹೊರಬಲ್ಲದು.

ಮಾನವಿಕ ವಿಷಯಗಳ ಅಧ್ಯಾಪಕರಿಗೆ ಓದಿನ ಈ ಬಿಡುವು ವಿಶೇಷವಾಗಿ ಬೇಕು. ರಸಾಯನಶಾಸ್ತ್ರದ ಅಧ್ಯಾಪಕರು ಹೊಸ ಉಪಕರಣ ಬಳಸಲು ಕಲಿತು ಬಂದರೆ ಕಲಿತದ್ದು ಕಣ್ಣಿಗೆ ಕಾಣುತ್ತದೆ. ಇತಿಹಾಸದ ಮೇಡಂ ಕಲ್ಯಾಣದ ಪಾಠ ಮಾಡುವಾಗ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಆದ ಮದುವೆಯ, ಅದಕ್ಕಾಗಿ ನಡೆದ ಕೊಲೆಗಳ ಪ್ರಸಂಗ ಬರುತ್ತದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, ಮೇಡಂ, ಈಗಲೂ ಹೀಗೇ ಕೊಲ್ಲುತ್ತಾರಲ್ಲ, ಎಂಟು ನೂರು ವರ್ಷ ಏನಾಯಿತು ಹಾಗಾದರೆ ಎಂದು ಕೇಳಿದರೆ ನೋಟ್ಸಿನಲ್ಲಿ ಉತ್ತರವಿಲ್ಲ. ಅದೇ ತರಗತಿಯಲ್ಲಿ ಎಲ್ಲ ಜಾತಿಗಳ ಮಕ್ಕಳೂ ಕೂತಿದ್ದಾರೆ. ಮೇಡಂ ಒಂದು ಮಾತು ತಪ್ಪಿದರೆ ಊರಿಗೆ ಸುದ್ದಿಯಾಗುತ್ತದೆ. ಇದು ಪರೀಕ್ಷೆಗೆ ಬರುವುದಿಲ್ಲಮ್ಮ, ಕೂತುಕೋ ಎನ್ನುವುದು ಸುಲಭ. ಆ ಮಾತು ಬಾಯಿಗೆ ಬರದಿರಬೇಕಾದರೆ ಮೇಡಂ ಆ ಪ್ರಶ್ನೆಯನ್ನು ಮೊದಲೇ ಎಲ್ಲಾದರೂ, ತಮ್ಮಂಥವರ ನಡುವೆ, ಭಯವಿಲ್ಲದೆ ಎದುರಿಸಿರಬೇಕು. ಪಿಪಿಟಿ ಮಾಡುವುದು ಹೇಗೆ ಎಂಬ ಅಧಿವೇಶನ ಇದಕ್ಕೆ ನೆರವಾಗದು. ಮೊಬೈಲಿನಲ್ಲಿ ಓಡುವ ವಿಡಿಯೊ ಮಾಡ್ಯೂಲ್ ಅಂತೂ ಪ್ರಶ್ನೆಯನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಒಳ್ಳೆಯ ಮಾದರಿಗಳು ಇಲ್ಲದಿಲ್ಲ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂನಲ್ಲಿ 1970ರ ದಶಕದ ಕೊನೆಗೆ ಶುರುವಾದ ಚಲನಚಿತ್ರ ರಸಗ್ರಹಣ ಶಿಬಿರ ಮುಂದೆ ಸಂಸ್ಕೃತಿ ಶಿಬಿರವಾಗಿ ಬೆಳೆಯಿತು. ಕೆ.ವಿ. ಸುಬ್ಬಣ್ಣನವರು ಕಟ್ಟಿದ ಆ ಅಂಗಳದಲ್ಲಿ ರೈತ, ವಿದ್ಯಾರ್ಥಿ, ಅಧ್ಯಾಪಕ ಒಟ್ಟಿಗೆ ಕೂತು ನಾಟಕ ನೋಡಿ ಜಗಳವಾಡುತ್ತಿದ್ದರು. ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯ ಅಂತರ ವಿಶ್ವವಿದ್ಯಾಲಯ ಕೇಂದ್ರ ಯುಜಿಸಿ ಹಣದಿಂದ ಮಾನವಿಕ ಅಧ್ಯಾಪಕರಿಗೆ ವರ್ಷಕ್ಕೊಂದು ತಿಂಗಳಂತೆ ಮೂರು ವರ್ಷ ಅಲ್ಲಿದ್ದು ಓದುವ ಅವಕಾಶ ಕೊಟ್ಟಿತು. ಅಮೆರಿಕದಲ್ಲಿ 1965ರಲ್ಲಿ ಸ್ಥಾಪನೆಯಾದ ಮಾನವಿಕ ವಿಷಯಗಳ ರಾಷ್ಟ್ರೀಯ ನಿಧಿ ಬೇಸಿಗೆಯಲ್ಲಿ ಶಾಲೆ, ಕಾಲೇಜುಗಳ ಶಿಕ್ಷಕರನ್ನು ಸಣ್ಣ ಗುಂಪುಗಳಲ್ಲಿ ಕೂಡಿಸಿ, ಖರ್ಚಿಗೆ ಹಣ ಕೊಟ್ಟು, ಒಂದೇ ವಿಷಯದ ಮೇಲೆ ವಾರಗಟ್ಟಲೆ ಓದಿಸಿತು. 2025ರ ಏಪ್ರಿಲ್‌ನಲ್ಲಿ ಹೊಸ ಸರ್ಕಾರ ಆ ನಿಧಿಯ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಒಮ್ಮೆಲೇ ರದ್ದು ಮಾಡಿತು. ಕೊಟ್ಟ ಕೈಗೆ ಹಿಂದಕ್ಕೆಳೆದುಕೊಳ್ಳುವ ಹಕ್ಕೂ ಇದೆ ಎಂದು ಅಧಿಕಾರ ನಂಬಿದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ತುಮಕೂರಿನ ಮಟ್ಟಿಗೆ ಹೇಳುವುದಾದರೆ ಕಷ್ಟದ ಭಾಗ ಇನ್ನೊಂದಿದೆ. 2024ರ ಜನವರಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ರಾಜ್ಯದಲ್ಲಿ ಅಂಥವರ ಸಂಖ್ಯೆ ಹತ್ತು ಸಾವಿರ ಮೀರಿದೆ. ಗ್ರಾಮೀಣ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ, ರಾಜ್ಯಶಾಸ್ತ್ರದ ಪಾಠದ ದೊಡ್ಡ ಪಾಲನ್ನು ಮಾಡುತ್ತಿರುವವರು ಅವರೇ. ಕಾರ್ಯಭಾರದ ಗಂಟೆ ಎಣಿಸಿ ಗೌರವಧನ, ವರ್ಷ ವರ್ಷವೂ ಹೊಸದಾಗಿ ಅರ್ಜಿ. ಬಡ್ತಿಯೇ ಇಲ್ಲದವರಿಗೆ ಬಡ್ತಿಗೆ ಅಂಕ ಕೊಡುವ ಕೋರ್ಸಿನಿಂದ ಆಗಬೇಕಾದದ್ದೇನು? ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ತನಗೆ ತಿಳಿಯದು ಎಂದು ಹತ್ತು ಜನರ ಮುಂದೆ ಹೇಳುವುದಾದರೂ ಹೇಗೆ? ಉದ್ದಾಲಕ ಅಜ್ಞಾನವನ್ನು ಒಪ್ಪಿಕೊಂಡದ್ದು ದೊಡ್ಡದು ನಿಜ. ಅವನಿಗೆ ಮನೆಯಿತ್ತು, ಗೌರವವಿತ್ತು, ಒಪ್ಪಿಕೊಂಡ ಮೇಲೂ ಅವೆರಡೂ ಉಳಿದವು. ವಿನಯಕ್ಕೂ ಒಂದು ಭದ್ರತೆ ಬೇಕು. ಪ್ರಶ್ನೆಗೆ ಒಡ್ಡಿಕೊಳ್ಳಿ ಎಂದು ಅಧ್ಯಾಪಕರಿಗೆ ಹೇಳುವ ಸಮಾಜ ಅವರು ನಿಂತ ನೆಲವನ್ನು ಮೊದಲು ಗಟ್ಟಿಮಾಡಬೇಕು.

ಹೀಗೊಂದು ಪ್ರಯೋಗ ಈ ಜಿಲ್ಲೆಯಲ್ಲೇ ಆಗಬಹುದು. ಸೆಮಿಸ್ಟರುಗಳ ನಡುವಿನ ರಜೆಯಲ್ಲಿ ಮೂರು ವಾರ. ಗುಬ್ಬಿ, ಕುಣಿಗಲ್, ತುಮಕೂರು ಕಾಲೇಜುಗಳಿಂದ ಇಪ್ಪತ್ತು ಅಧ್ಯಾಪಕರು, ಕಾಯಂ ಮತ್ತು ಅತಿಥಿ ಸಮಸಮ. ಓದಲು ಒಂದೇ ಗ್ರಂಥ, ಅದು ಗೂಳೂರು ಸಿದ್ಧವೀರಣಾರ್ಯನ ಶೂನ್ಯಸಂಪಾದನೆ, ಪಕ್ಕದಲ್ಲಿ ಧಾರವಾಡದ ಐದು ಸಂಪುಟ. ಬರುವಾಗ ಪ್ರತಿಯೊಬ್ಬರೂ ವಿದ್ಯಾರ್ಥಿಯೊಬ್ಬರು ಕೇಳಿದ, ತಮಗೆ ಉತ್ತರಿಸಲಾಗದ ಒಂದು ಪ್ರಶ್ನೆಯನ್ನು ಬರೆದು ತರಬೇಕು. ಮೊದಲ ವಾರ ಆ ಪ್ರಶ್ನೆಗಳ ಮೇಲೆಯೇ ಮಾತು, ಉಪನ್ಯಾಸವಿಲ್ಲ. ಕೊನೆಯ ವಾರ ಒಬ್ಬೊಬ್ಬರೂ ಒಂದು ಪಾಠ ಮಾಡಿ ತೋರಿಸಬೇಕು, ಸೇವೆಯಲ್ಲಿ ಹಿರಿಯರಾದವರಿಂದಲೇ ಅದು ಶುರುವಾಗಬೇಕು, ತಪ್ಪು ಹೇಳುವ ಮೊದಲ ಅವಕಾಶ ಕಿರಿಯರಿಗೆ. ಬೇಕಾಗುವುದು ಊಟ, ವಸತಿ, ಪುಸ್ತಕಗಳ ಪ್ರತಿ, ಬಸ್ ಚಾರ್ಜು ಮತ್ತು ಅತಿಥಿ ಉಪನ್ಯಾಸಕರಿಗೆ ಆ ಮೂರು ವಾರದ ಗೌರವಧನ. ಮೊದಲ ನಾಲ್ಕಕ್ಕೆ ಕೈನೀಡುವ ಮಠಗಳೂ ಮನೆಗಳೂ ಈ ಜಿಲ್ಲೆಯಲ್ಲಿವೆ. ಕೊನೆಯದಕ್ಕೆ ಮಾತ್ರ ಇಲಾಖೆಯಿಂದ ಆದೇಶ ಬರಬೇಕು.